ಮಹಡಿಯ ಹಲಗೆಗಳು

ಸಂಪಗಾಂವ ಸೀಮೆಯ ಎರೆಭೂಮಿಯಲ್ಲಿ ಜೋಳ, ಹತ್ತಿ ಬೆಳೆದಾವು. ಸಾಗವಾನಿಗೆ ಮಾತ್ರ ದಾಂಡೇಲಿಯ ಕಾಡಿನತ್ತಲೇ ಮುಖಮಾಡಬೇಕು. ಬೈಲಹೊಂಗಲದ ಮಾಸ್ತರರೊಬ್ಬರು ಮಗಳ ಲಗ್ನಕ್ಕೆಂದು ಹಳೆಯ ಮನೆಯ ಮಹಡಿಗೆ ಹೊಸ ಹಲಗೆ ಹಾಸಿಸಲು ಹೊರಟರು. ಸಾಮಿಲ್ಲಿನಿಂದ ಬಂದ ಹಲಗೆಗಳ ಮೈಮೇಲೆ ಗರಗಸದ ಗೀರುಗಳು ಹಾಗೆಯೇ ಇದ್ದವು. ಮುದಿ ಬಡಿಗನು ಒಂದನ್ನೆತ್ತಿ ತೂಗಿ ನೋಡಿ, "ಇದರ ಹೊಟ್ಟ್ಯಾಗ ಇನ್ನೂ ನೀರೈತ್ರಿ ಮಾಸ್ತರ. ಒಂದು ಬ್ಯಾಸಗಿ ಕಳೀಲಿ" ಎಂದನು.

ಲಗ್ನಕ್ಕೆ ಉಳಿದದ್ದು ಎರಡೇ ತಿಂಗಳು! ಬೀಗರು ಇಳಿದುಕೊಳ್ಳಬೇಕಾದದ್ದೂ ಆ ಮಹಡಿಯಲ್ಲಿಯೇ. ಮುಹೂರ್ತವಿಡುವಾಗ ಮರದ ಒಪ್ಪಿಗೆ ಕೇಳುವ ರೂಢಿ ಯಾರಲ್ಲಿದೆ?

ಬಡಿಗನದು ಹಟವಾಗಿರಲಿಲ್ಲ. ಮರವು ಒಣಗುವಾಗ ಉದ್ದದಲ್ಲಿ ಕುಗ್ಗುವುದು ತೀರ ಅಲ್ಪ, ಕುಗ್ಗುವುದೆಲ್ಲ ಅಗಲದಲ್ಲಿ. 1 ಅಂಗುಲ ದಪ್ಪದ ಹಲಗೆ ನೆರಳಿನಲ್ಲಿ ಹದವಾಗಿ ಒಣಗಲು ಸುಮಾರು 1 ವರ್ಷ ಬೇಕೆಂಬುದು ಬಲ್ಲವರ ಲೆಕ್ಕ. ಹಸಿಯದನ್ನು ಬಿಗಿದು ಮೊಳೆ ಹೊಡೆದರೆ ಅದು ಸೀಳುವುದು, ಇಲ್ಲವೆ ಸಂದು ಬಿಡುವುದು. ಆಮೇಲೆ ಮಹಡಿಯಲ್ಲಿ ಚೆಲ್ಲಿದ ಅಕ್ಷತೆ ಅಡಿಗೆಮನೆಯ ಸಾರಿಗೇ ಬಿದ್ದೀತು!

ಕೊನೆಗೆ ಒಪ್ಪಂದವಾಯಿತು. ಬಡಿಗನು ಉಜ್ಜುಗೊರಡಿನಿಂದ ಮೈ ನಯಗೊಳಿಸಿ, ಅಂಚು ನೆಟ್ಟಗೆ ಮಾಡಿ, ಒಂದರ ನಾಲಗೆ ಮತ್ತೊಂದರ ತೋಡಿನಲ್ಲಿ ಕೂಡುವಂತೆ ಕೊರೆದು, ಹಲಗೆಗಳನ್ನು ತೊಲೆಗಳ ಮೇಲೆ ಜೋಡಿಸಿದನು. ಮೊಳೆ ಮಾತ್ರ ಅಲ್ಲೊಂದು ಇಲ್ಲೊಂದು. ಲಗ್ನವು ಸಾಂಗವಾಯಿತು. ನಡೆದಾಗಲೆಲ್ಲ ನೆಲ ಕಿರುಗುಟ್ಟುತ್ತಿತ್ತು; ಬೀಗರು ಸಭ್ಯರು, ಕೇಳಿಸಿಕೊಳ್ಳಲಿಲ್ಲ.

ಮರುವರ್ಷ ಯುಗಾದಿಯ ಹೊತ್ತಿಗೆ ಅವನು ಮತ್ತೆ ಬಂದು, ಮೊಳೆ ಕಿತ್ತು, ಹಲಗೆಗಳನ್ನು ಒತ್ತಿ ಸೇರಿಸಿದನು. 12 ಅಡಿಯ ನೆಲದಲ್ಲಿ ಗೋಡೆಯ ಬದಿಗೆ ಎರಡು ಬೆರಳಿಗೂ ಮಿಕ್ಕ ಜಾಗ ತೆರವಾಯಿತು. ಎತ್ತಿಟ್ಟಿದ್ದ ಪಟ್ಟಿಯೊಂದನ್ನು ಅಲ್ಲಿ ಕೂಡಿಸಿ, ಮಳೆಗಾಲದಲ್ಲಿ ಮರ ಉಬ್ಬುವುದೆಂದು ಗೋಡೆಗೆ ತಾಗದಂತೆ ಅರ್ಧ ಬೆರಳು ಬಿಟ್ಟು, ಆಗ ಮೊಳೆಗಳನ್ನೆಲ್ಲ ಹೊಡೆದನು.

ಮಗಳು ಪಂಚಮಿಗೆ ತವರಿಗೆ ಬಂದಾಗ ಆ ಸಂದು ಆಗಲೇ ಕಿರಿದಾಗಿತ್ತು.