ಮ್ಯೂಟ್ ತೆಗೆಯಿರಿ ಸ್ವಾಮಿ

ಆನ್‌ಲೈನ್ ಸಮ್ಮೇಳನಕ್ಕೆ ಹೆಸರು ಕೊಡುವುದು ಸುಲಭ, ಅಲ್ಲಿ ಮನಸ್ಸಿಟ್ಟು ಕೂರುವುದು ಕಷ್ಟ. ಒಂದು ಕಿಟಕಿಯಲ್ಲಿ ಭಾಷಣ, ಇನ್ನೊಂದರಲ್ಲಿ ಆಫೀಸಿನ ಮೇಲ್, ನಡುವೆ ಕುಕ್ಕರಿನ ಸೀಟಿ. ಸರ್ಟಿಫಿಕೇಟಂತೂ ತಪ್ಪದೆ ಬರುತ್ತದೆ, ತಲೆಯಲ್ಲಿ ಮಾತ್ರ ಏನೂ ಉಳಿದಿರುವುದಿಲ್ಲ. ಆಗ ಪರದೆಯನ್ನು ದೂರುತ್ತೇವೆ. ತಪ್ಪಿರುವುದು ನಾವು ಅಲ್ಲಿಗೆ ಭಾಷಣ ಕೇಳಲೆಂದು ಹೋಗುವುದರಲ್ಲಿ. ಭಾಷಣದ ರೆಕಾರ್ಡಿಂಗ್ ಸಾಮಾನ್ಯವಾಗಿ ಆಮೇಲೂ ಸಿಗುತ್ತದೆ. ಮತ್ತೆ ಸಿಗದಿರುವುದು, ನಮಗೆ ಉತ್ತರ ಹೇಳಲೆಂದೇ ಭಾಷಣಕಾರರು ಕೂತಿರುವ ಆ ಅರ್ಧ ಗಂಟೆ.

2020ರಲ್ಲಿ ಐಸಿಎಲ್‌ಆರ್ ನಡೆದ ರೀತಿ ನೋಡಿ. ಯಂತ್ರಕಲಿಕೆಯ ಈ ದೊಡ್ಡ ಸಮ್ಮೇಳನ ಇಥಿಯೋಪಿಯಾದ ಅಡಿಸ್ ಅಬಾಬಾದಲ್ಲಿ ಆಗಬೇಕಿತ್ತು. ಕೋವಿಡ್‌ನಿಂದಾಗಿ ಇಡೀ ಸಮ್ಮೇಳನವೇ ಆನ್‌ಲೈನ್ ಆಯಿತು. ಸಂಘಟಕರು ಪ್ರಬಂಧಗಳ ವಿಡಿಯೊಗಳನ್ನು ಮೊದಲೇ ರೆಕಾರ್ಡ್ ಮಾಡಿಸಿಟ್ಟು, ಲೇಖಕರು ನೇರವಾಗಿ ಸಿಗುವ ಹೊತ್ತನ್ನು ಪ್ರಶ್ನೋತ್ತರಕ್ಕೆ ಬಿಟ್ಟರು. ಒಬ್ಬರಿಗೆ ಹಗಲಾದದ್ದು ಇನ್ನೊಬ್ಬರಿಗೆ ನಡುರಾತ್ರಿಯಲ್ಲವೆ, ಅದಕ್ಕೇ ಬೇರೆ ಬೇರೆ ಹೊತ್ತಿನಲ್ಲಿ ಎರಡೆರಡು ಸರದಿ. ಇಂಥ ಕಡೆ ಹೋಗುವವರು ಹಿಂದಿನ ದಿನವೇ ವಿಡಿಯೊ ನೋಡಿ, ಯಾವ ಕೋಷ್ಟಕ, ಯಾವ ತೀರ್ಮಾನ ತಮಗೆ ಒಪ್ಪಿಗೆಯಾಗಲಿಲ್ಲವೆಂದು ಗುರುತು ಹಾಕಿಕೊಂಡಿರಬೇಕು. ದಿನಕ್ಕೆ ಎರಡು ಗೋಷ್ಠಿ ಸಾಕು. ಕಣ್ಣು ಉರಿಯುತ್ತದೆ, ಕೆಲಸ ಬಿಡುವುದಿಲ್ಲ ಎನ್ನುವವರಿಗೂ ಇದೇ ಉತ್ತರ: ಬೆಳಗಿನಿಂದ ರಾತ್ರಿಯವರೆಗೆ ಕೂರಿ ಎಂದು ಯಾರೂ ಹೇಳಿಲ್ಲ. ಕೂರುವ ಆ ಎರಡು ಗೋಷ್ಠಿಗಳ ಹೊತ್ತಿಗೆ ಮಾತ್ರ, ಊರಿಗೆ ಹೋದಾಗ ಹಾಕುವ ಹಾಗೆ, ರಜೆ ಹಾಕಿಬಿಡಿ.

ಕಾಫಿ ವಿರಾಮದ ಹರಟೆ ಇಲ್ಲವಲ್ಲ ಎಂಬ ಆಕ್ಷೇಪಕ್ಕೆ ತೂಕವಿದೆ. ಕಪ್ ಹಿಡಿದು ನಿಂತಲ್ಲಿ ಅಕಸ್ಮಾತ್ ಹುಟ್ಟುವ ಸ್ನೇಹ ಬ್ರೇಕ್‌ಔಟ್ ರೂಮಿನಲ್ಲಿ ಹುಟ್ಟುವುದು ಅಪರೂಪ. ಆದರೆ ಆ ಕಾಫಿಯ ಹತ್ತಿರಕ್ಕೆ ಯಾರು ಹೋಗಲು ಸಾಧ್ಯವಿತ್ತು? 2018ರಲ್ಲಿ ಮಾಂಟ್ರಿಯಲ್‌ನಲ್ಲಿ ನಡೆದ, ಯಂತ್ರಕಲಿಕೆಯದೇ ಇನ್ನೊಂದು ಸಮ್ಮೇಳನವಾದ ನ್ಯೂರಿಪ್ಸ್‌ಗೆ ಹೊರಟಿದ್ದ ಆಫ್ರಿಕಾದ ಅನೇಕ ಸಂಶೋಧಕರಿಗೆ ಕೆನಡಾದ ವೀಸಾವೇ ಸಿಗಲಿಲ್ಲ. ಧಾರವಾಡದ ವಿದ್ಯಾರ್ಥಿಗೆ ವೀಸಾ ಸಿಕ್ಕರೂ ವಿಮಾನದ ಖರ್ಚು ಹೊಂದಿಸುವವರು ಯಾರು? ವೀಸಾ, ವಿಮಾನ ಎರಡೂ ಬೇಡದ ಆನ್‌ಲೈನ್ ಐಸಿಎಲ್‌ಆರ್‌ನಲ್ಲಿ ಐದು ಸಾವಿರಕ್ಕೂ ಹೆಚ್ಚು ಜನ ಸೇರಿದರು. ಇನ್ನೊಂದು ಅನುಕೂಲವನ್ನು ನಾವು ಲೆಕ್ಕಕ್ಕೇ ಹಿಡಿಯುವುದಿಲ್ಲ. ಸಭೆಯಲ್ಲಿ ಎದ್ದು ನಿಂತು ಇಂಗ್ಲಿಷಿನಲ್ಲಿ ಕೇಳಲು ನಾಲಿಗೆ ತಡವರಿಸುವವರು ಚಾಟ್‌ನಲ್ಲಿ ಬರೆದು, ತಿದ್ದಿ, ಮತ್ತೊಮ್ಮೆ ಓದಿ ಕಳಿಸಬಹುದು. ಅಲ್ಲಿ ಉಚ್ಚಾರಣೆ ಯಾರಿಗೂ ಕೇಳಿಸುವುದಿಲ್ಲ, ಪ್ರಶ್ನೆಯ ಗಟ್ಟಿತನವಷ್ಟೇ ಕಾಣುತ್ತದೆ. ಉತ್ತರ ಅರ್ಧಕ್ಕೆ ನಿಂತರೆ ಮಾರನೆಯ ದಿನ ಆ ಪ್ರಶ್ನೆಯನ್ನೇ ಎತ್ತಿಕೊಂಡು ಲೇಖಕರಿಗೆ ಮೇಲ್ ಬರೆಯಿರಿ. ಪರಿಚಯ ಬೆಳೆಯಲು ಅದೂ ಒಂದು ದಾರಿ. ಮುಂದಿನ ಸಲವಾದರೂ ಚಾಟ್‌ನಲ್ಲಿ ‘ನೈಸ್ ಟಾಕ್ ಸರ್’ ಎಂದು ಬರೆದು ಹೊರಡುವ ಬದಲು ಏನಾದರೂ ಕೇಳಿ.