ತೇಪೆ ಬೇಡುವ ದೋಣಿ

ಬರ್ಚ್ ತೊಗಟೆಯ ದೋಣಿ ಸೀಳಿದರೆ ಅದನ್ನು ಸರಿಮಾಡುವವರು ಅಂಗಡಿಗೆ ಹೋಗುವುದಿಲ್ಲ, ಕಾಡಿಗೆ ಹೋಗುತ್ತಾರೆ. ಕೆನಡಾದ ಪೂರ್ವಭಾಗದ ಅಲ್ಗಾನ್‌ಕ್ವಿನ್, ಅಟಿಕಾಮೆಕ್ವ್, ವೊಲಾಸ್ಟೊಕಿಯಿಕ್ ಜನರ ಹಳೆಯ ಪದ್ಧತಿಯ ದೋಣಿಯಲ್ಲಿ ಮೊಳೆ ಎಂಬುದೇ ಇಲ್ಲ. ಮೈಗೆ ಬರ್ಚ್ ತೊಗಟೆ. ಈ ಮರ ನಮ್ಮ ಹಿಮಾಲಯದ ಭೂರ್ಜದ ದಾಯಾದಿ. ಒಳಗಿನ ಪಕ್ಕೆಗಳಿಗೆ ಬಿಸಿನೀರಿನಲ್ಲಿ ನೆನೆಸಿ ಬಾಗಿಸಿದ ಸೀಡರ್ ಪಟ್ಟಿ, ಹೊಲಿಗೆಗೆ ಸ್ಪ್ರೂಸ್ ಮರದ ಸೀಳಿದ ಬೇರು.

ನಿಜವಾದ ಕೈಚಳಕ ಕಾಣುವುದು ಅಂಟು ಕಾಯಿಸುವಾಗ. ಸ್ಪ್ರೂಸ್ ರಾಳವನ್ನಷ್ಟೇ ಬಳಿದರೆ ತಣ್ಣೀರಿಗೆ ಬಿರಿಯುತ್ತದೆ. ಅದಕ್ಕೇ ಪ್ರಾಣಿಯ ಕೊಬ್ಬು ಬೆರೆಸುತ್ತಾರೆ, ಕೆಲವರು ಇದ್ದಿಲ ಪುಡಿಯನ್ನೂ ಸೇರಿಸುತ್ತಾರೆ. ಕೊಬ್ಬು ಹೆಚ್ಚಾಯಿತೋ, ಬಿಸಿಲಿಗೆ ಇಳಿದುಹೋಗುತ್ತದೆ. ಬೆಲ್ಲದ ಪಾಕದ ಹದ ಬಲ್ಲವರಿಗೆ ಈ ಕಷ್ಟ ಅರ್ಥವಾದೀತು.

ಇನ್ನೊಂದು ಮಾತು: ತೊಗಟೆಯ ಬಿಳಿ ಮಗ್ಗುಲು ದೋಣಿಯ ಒಳಗೆ ಬರುತ್ತದೆ, ಮರಕ್ಕೆ ಅಂಟಿಕೊಂಡಿದ್ದ ಕಂದು ಮಗ್ಗುಲು ನೀರಿಗೆ. ಬೆಳ್ಳಗಿನ ದೋಣಿ ಬರೆಯುವ ಚಿತ್ರಕಾರರು ಇದನ್ನು ಗಮನಿಸಿದರೆ ಒಳ್ಳೆಯದು.

ಸುಮಾರು 11 ಮೀಟರ್ ಉದ್ದದ ತೊಗಟೆ ದೋಣಿಗಳಲ್ಲಿ ಟನ್ನುಗಟ್ಟಲೆ ಸರಕು ಸಾಗಿಸುತ್ತಿದ್ದ ತುಪ್ಪುಳು ವ್ಯಾಪಾರಿಗಳು ತೊಗಟೆಯ ಸುರುಳಿ, ಬೇರು, ರಾಳಗಳನ್ನು ಜೊತೆಗೇ ಒಯ್ಯುತ್ತಿದ್ದರು. ಬಂಡೆಗೆ ತಗುಲಿದರೆ ದಡಕ್ಕೆಳೆದು ತೇಪೆ ಹಾಕಿ ಮತ್ತೆ ಹೊರಡುವುದು ದಿನನಿತ್ಯದ ಕೆಲಸ.

ವೊಲಾಸ್ಟೊಕಿಯಿಕ್ ಜನರ 'ಅಜ್ಜ ದೋಣಿ'ಗೆ ದುರಸ್ತಿಯ ಭಾಗ್ಯ ತಡವಾಗಿ ಬಂತು. 1820ರ ದಶಕದಲ್ಲಿ ಬ್ರಿಟಿಷ್ ಸೇನಾಧಿಕಾರಿಯೊಬ್ಬನೊಡನೆ ಐರ್ಲೆಂಡಿಗೆ ಹೋದ ಅದು ಗಾಲ್ವೇ ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯದ ಪಾಲಾಯಿತು. ದುರಸ್ತಿಗೆಂದು ಈ ಶತಮಾನದಲ್ಲಿ ಕೆನಡಾಕ್ಕೆ ಬಂದಾಗ ಅದನ್ನು ಕಟ್ಟಿದ ಜನರ ಈಗಿನ ಪೀಳಿಗೆ ತಮಗೇ ಬೇಕೆಂದು ಕೇಳಿತು. ಗಾಲ್ವೇ ಬಿಟ್ಟುಕೊಟ್ಟಿತು. ಇಂಥ ಔದಾರ್ಯ ಎಲ್ಲ ವಸ್ತುಸಂಗ್ರಹಾಲಯಗಳಿಗೂ ಬಾರದು.

ವಿದ್ಯೆ ಉಳಿದದ್ದರಲ್ಲಿ ಹೊರಗಿನವರ ಪಾಲೂ ಇದೆ. ಅಮೆರಿಕದ ಲೇಖಕ, ಚಿತ್ರಕಾರ ಟಪ್ಪನ್ ಆಡ್ನಿ ನ್ಯೂ ಬ್ರನ್ಸ್‌ವಿಕ್‌ನಲ್ಲಿ ವೊಲಾಸ್ಟೊಕಿಯಿಕ್ ಕುಶಲಿಯೊಬ್ಬನ ಬಳಿ ಕಲಿತು, ಮುಂದೆ ನೂರಕ್ಕೂ ಹೆಚ್ಚು ಪುಟ್ಟ ಮಾದರಿಗಳನ್ನು ಮಾಡಿದ. ಅವನ ಟಿಪ್ಪಣಿಗಳು ಪುಸ್ತಕವಾದದ್ದು 1964ರಲ್ಲಿ, ಅವನು ತೀರಿಕೊಂಡು 14 ವರ್ಷಗಳ ನಂತರ. ಆದರೆ ಪುಸ್ತಕ ಓದಿ ಕೈ ಪಳಗುವುದಿಲ್ಲ. ಅದಕ್ಕೆ ಅಲ್ಗಾನ್‌ಕ್ವಿನ್ ಊರಾದ ಕಿಟಿಗನ್ ಜೀಬಿಯ ವಿಲಿಯಂ ಕಮಾಂಡಾ ಅವರಂಥ ಹಿರಿಯರು ಬೇಕಾಯಿತು. ಈಗಿನ ದೊಡ್ಡ ಕೊರತೆ ಮರದ್ದು. ಒಂದೇ ತೊಗಟೆಯಲ್ಲಿ ದೋಣಿಯ ತಳವೆಲ್ಲ ಮುಚ್ಚುವಷ್ಟು ದಪ್ಪದ, ಗಂಟಿಲ್ಲದ ಬರ್ಚ್ ಸಿಗುವುದೇ ಅಪರೂಪ.

ಬರ್ನಾರ್ಡ್ ಗೊಸ್ಸೆಲಿನ್ 1971ರಲ್ಲಿ ತೆಗೆದ ಸಾಕ್ಷ್ಯಚಿತ್ರದಲ್ಲಿ ಅಟಿಕಾಮೆಕ್ವ್ ಜನಾಂಗದ 67 ವರ್ಷದ ಸೀಸರ್ ನೆವಾಶಿಷ್ ಕಾಡಿನ ಸಾಮಗ್ರಿಯಿಂದಲೇ ಒಂದು ದೋಣಿ ಕಟ್ಟುತ್ತಾರೆ. ಒಂದು ಗಂಟೆಯೊಳಗೆ ಮುಗಿಯುವ ಚಿತ್ರ, ಹಿನ್ನೆಲೆ ವಿವರಣೆಯಿಲ್ಲ. ಭಾಷೆಯ ಅಂಜಿಕೆ ಬೇಡ, ಸಿಕ್ಕಿದರೆ ತಪ್ಪದೆ ನೋಡಿ.