ಕಳಿಸೇನಿ ಅಂತ ನಾನು, ಬಂದಿಲ್ಲ ಅಂತ ಅಕ್ಕ

ನಮ್ಮ ವೈನಿಗೋಳೇ, ಮಾವಶಿಗೋಳೇ, ಓಣಿಯ ಗೆಳತ್ಯಾರೇ, ಈ ಸಲ ಅಡಗಿ ವಿಷಯ ಅಲ್ಲ. ರೊಕ್ಕದ ವಿಷಯ, ಮತ್ತ ಅಕ್ಕ-ತಂಗಿ ವಿಷಯ.

ಹೋದ ತಿಂಗಳು ಒಂದು ರಾತ್ರಿ ಒಂಬತ್ತರ ಸುಮಾರಿಗೆ ಅಕ್ಕನ ಫೋನ್ ಬಂತು. ಭಾವನಿಗೆ ಎದಿನೋವು, ವಿಜಯಪುರದಾಗ ದವಾಖಾನಿಗೆ ಹಾಕ್ಯಾರ, ಈಗಿಂದೀಗ ಇಪ್ಪತ್ತು ಸಾವಿರ ಕಟ್ಟಬೇಕಂತ. ಕುಕ್ಕರ್ ಬಂದ್ ಮಾಡಿ ಒಲಿ ಮುಂದನ ನಿಂತು ಯುಪಿಐ ಮಾಡಿದೆ. ನನ್ನ ಖಾತೆಯಿಂದ ರೊಕ್ಕ ಕಟ್ ಆತು ಅಂತ ಮೆಸೇಜೂ ಬಂತು. ಆದ್ರ ಮೊಬೈಲಿನ್ಯಾಗ ಮಾತ್ರ 'ಪೆಂಡಿಂಗ್' ಅಂತ ತೋರಿಸ್ತಾನ ಇತ್ತು.

"ಅಕ್ಕಾ, ಕಳಿಸೇನಿ ನೋಡು."

"ಬಂದಿಲ್ಲಲ್ಲ."

ಹತ್ತು ನಿಮಿಷ ಬಿಟ್ಟು ಮತ್ತ ಕೇಳಿದ್ಲು. ಬಂದಿಲ್ಲ. ಮೂರನೇ ಸಲಕ್ಕ ಆಕಿ ದನಿನ ಬದಲಾಗಿತ್ತು. "ಇಲ್ಲಂದ್ರ ಇಲ್ಲ ಅಂತ ಹೇಳಿಬಿಡು, ನಾ ಬ್ಯಾರೆ ಕಡೆ ಕೇಳ್ತೀನಿ" ಅಂದ್ಲು. ಹಿಂದೊಮ್ಮೆ ಆಕಿ ಮಗಳ ಕಾಲೇಜ್ ಫೀಗೆ ಕೊಡ್ತೀನಿ ಅಂತ ಹೇಳಿ, ಆಮ್ಯಾಲೆ ನನ್ನ ಕೈಲೆ ಆಗಿದ್ದಿಲ್ಲ. ಅದು ಇಬ್ಬರ ಮನಸ್ಸಿನ್ಯಾಗೂ ಇತ್ತು. ನನಗೂ ಸಿಟ್ಟು ಬಂತು. "ನಿನ್ನ ಖಾತೆನ ಸರಿಯಾಗಿ ನೋಡ್ಕೋ" ಅಂತ ಫೋನ್ ಇಟ್ಟುಬಿಟ್ಟೆ.

ನನ್ನ ಮಗ ಬೆಂಗಳೂರಿನ್ಯಾಗ ಇಂಥಾದ್ದ ಕಂಪ್ಯೂಟರ್ ಕೆಲಸ ಮಾಡ್ತಾನ. ಮತ್ತೊಮ್ಮೆ ಕಳಿಸ್ಲೇನೋ ಅಂತ ಅವನ್ನ ಕೇಳಿದೆ. "ಅಮ್ಮಾ, ನೀ ಕಳಿಸಬ್ಯಾಡ. ಎರಡೂ ಹೋಗಿ ಮುಟ್ಟಿದ್ರ ನಿನ್ನ ಖಾತೆ ಖಾಲಿ ಆಗ್ತದ. ಮಾವಶಿಗೆ ನಾ ಕಳಸ್ತೀನಿ" ಅಂದ. ಅವನ ರೊಕ್ಕ ಒಂದು ನಿಮಿಷದಾಗ ಮುಟ್ಟಿತು. ಆಮ್ಯಾಲೆ ಅವ ಹೇಳಿದ ಮಾತು: "ಪೆಂಡಿಂಗ್ ಅಂದ್ರ ಯಾರೂ ಸುಳ್ಳು ಹೇಳ್ಲಿಕತ್ತಿಲ್ಲ ಅಮ್ಮಾ. ಯಾರಿಗೂ ಇನ್ನೂ ಗೊತ್ತಿಲ್ಲ ಅಂತ ಅರ್ಥ."

ನಮ್ಮ ಬ್ಯಾಂಕು ಒಂದು ಕಡೆ, ಅಕ್ಕನ ಬ್ಯಾಂಕು ಒಂದು ಕಡೆ, ನಡುವ ಎನ್‌ಪಿಸಿಐ. ನಮ್ಮ ಬ್ಯಾಂಕು 'ತಗದೇನಿ' ಅಂತು. 'ಹಾಕ್ರಿ' ಅಂತ ಆ ಕಡೆ ಸುದ್ದಿ ಹೋತು, ಉತ್ತರ ಬರಲಿಲ್ಲ. ಸುದ್ದಿನ ಮುಟ್ಟಿಲ್ಲೋ, ರೊಕ್ಕ ಹಾಕಿ ಅವರು ಕೊಟ್ಟ ಉತ್ತರ ದಾರ್ಯಾಗ ಕಳೀತೋ? ನಡುವ ಕೂತವರಿಗೆ ಎರಡೂ ಒಂದ ಥರ ಕಾಣ್ತದ.

ಕಂಪ್ಯೂಟರಿನವರು ಇದರ ಮ್ಯಾಲೆ ಭಾಳ ವರ್ಷ ತಲಿ ಕೆಡಿಸಿಕೊಂಡಾರ. ಅಮೆರಿಕದ ಜಿಮ್ ಗ್ರೇ ಅನ್ನೋರು 1978ರಾಗ 'ಟೂ-ಫೇಸ್ ಕಮಿಟ್' ಅನ್ನೋ ರೀತಿ ಬರದಾರ. ನಾವು ಲಗ್ನದ ತಾರೀಖು ಹಿಡಿಯೋದು ಹಂಗನ ಅಲ್ರೀ? ನಮ್ಮ ಕಾಕಾ ಮೊದಲ ಸುತ್ತಿನ್ಯಾಗ ಕಾರ್ಯಾಲಯದವರಿಗೆ, ಅಡಗಿಯವರಿಗೆ, ಆಚಾರ್ರಿಗೆ ಕೇಳ್ತಾರ: "ಆ ದಿನ ಖಾಲಿ ಇದ್ದೀರೇನು? ಹಿಡಿದಿಡ್ರಿ." ಎಲ್ಲಾರೂ ಹೂಂ ಅಂದ್ರ ಎರಡನೇ ಸುತ್ತಿನ್ಯಾಗ "ಪಕ್ಕಾ". ಒಬ್ಬರು ಇಲ್ಲ ಅಂದ್ರೂ ಎಲ್ಲಾರಿಗೂ "ಬಿಟ್ಟುಬಿಡ್ರಿ".

ಈಗ ಎಲ್ಲಾರೂ ಹೂಂ ಅಂದಮ್ಯಾಲೆ ಕಾಕಾನ ಆರಾಮ ತಪ್ಪಿ ಮಲಗಿದ್ರ? ಕಾರ್ಯಾಲಯದವರು ಬ್ಯಾರೆಯವರಿಗೆ ಕೊಡೋ ಹಂಗಿಲ್ಲ, ನಮಗ ಪಕ್ಕಾ ಮಾಡೋ ಹಂಗೂ ಇಲ್ಲ. ಎಲ್ಲಾರೂ ಕೈಕಟ್ಟಿ ಕೂಡಬೇಕು. ಇದಕ್ಕ ಗ್ರೇ ಮತ್ತ ಲೆಸ್ಲಿ ಲ್ಯಾಂಪೋರ್ಟ್ ಇಬ್ಬರೂ ಕೂಡಿ 2006ರಾಗ ಪ್ರಕಟ ಮಾಡಿದ ಉಪಾಯ ಏನಂದ್ರ, ಮಾತನ್ನ ಒಬ್ಬರ ಹೊಟ್ಯಾಗ ಇಡಬ್ಯಾಡ್ರಿ. ಪ್ರತಿಯೊಬ್ಬರ 'ಹೂಂ' ಮೂರು ಮಂದಿ ಕಡೆ ಬರದಿಡ್ರಿ, ಒಬ್ಬರು ಮಲಗಿದ್ರೂ ಉಳಿದ ಇಬ್ಬರಿಂದ ಲಗ್ನ ಮುಂದ ಹೋಗ್ತದ. ಐದು ಮಂದಿ ಇದ್ರ ಇಬ್ಬರು ಮಲಗಿದ್ರೂ ನಡೀತದ. ಒಂದ ಶರತ್ತು: ಅವರು ಸುಮ್ನಾಗಬಹುದು, ಸುಳ್ಳು ಹೇಳಬಾರದು. ಸುಳ್ಳು ಹೇಳವ್ರೂ ಇದ್ರ ಲೆಕ್ಕನ ಬ್ಯಾರೆ, ಇನ್ನೂ ಹೆಚ್ಚು ಮಂದಿ ಬೇಕು.

ನಾನು ಅಲ್ಲೇ ಸಿಕ್ಕಿಬಿದ್ದೆ. ಆ ರಾತ್ರಿ ಎಲ್ಲೋ ಒಂದು ಯಂತ್ರ ಸುಮ್ನಾಗಿತ್ತು. ಅಕ್ಕ ನನ್ನ ಸುಳ್ಳಿ ಅಂದುಕೊಂಡ್ಲು, ನಾ ಆಕಿನ್ನ.

ಯುಪಿಐ ಒಳಗ ಮೊದಲ ತಗೀತಾರ, ಆಮ್ಯಾಲೆ ಹಾಕ್ತಾರ, ಹಾಕ್ಲಿಕ್ಕೆ ಆಗದಿದ್ರ ವಾಪಸ್ ಕೊಡ್ತಾರ. ರಿಸರ್ವ್ ಬ್ಯಾಂಕಿನ 2019ರ ನಿಯಮದ ಪ್ರಕಾರ, ಒಬ್ಬರು ಇನ್ನೊಬ್ಬರಿಗೆ ಕಳಿಸಿದ ರೊಕ್ಕ ಮುಟ್ಟದಿದ್ರ ಮರುದಿನದೊಳಗ ವಾಪಸ್ ಬರಬೇಕು. ತಡ ಆದ್ರ ದಿನಕ್ಕ 100 ರೂಪಾಯಿ ಕೊಡಬೇಕು. ನನ್ನ ಇಪ್ಪತ್ತು ಸಾವಿರ ಮರುದಿನ ಮಧ್ಯಾಹ್ನ ತಿರುಗಿ ಬಂತು.

ಭಾವ ಐದು ದಿನಕ್ಕ ಮನಿಗೆ ಬಂದ್ರು. ನಾ ಅಂಟಿನುಂಡಿ ಕಟಗೊಂಡು ವಿಜಯಪುರಕ್ಕ ಹೋದೆ. ವಾಪಸ್ ಬಂದ ಮೆಸೇಜ್ ತೋರಿಸಿ ನಾನ ಗೆದ್ದೆ ಅನ್ನಬೇಕಂತ ದಾರಿ ತುಂಬ ಅಂದುಕೊಂಡಿದ್ದೆ. ತೋರಿಸ್ಲಿಲ್ಲ. ಫೀ ವಿಷಯ ನಾನ ತಗದೆ. "ಅವತ್ತು ಹೂಂ ಅಂದು, ಆಮ್ಯಾಲೆ ಆಗೂದಿಲ್ಲ ಅಂತ ಹೇಳದ ಸುಮ್ನಾಗಿಬಿಟ್ಟೆ ಅಕ್ಕಾ. ನನ್ನ ತಪ್ಪು."

ಅಕ್ಕ ಉಂಡಿ ಮುರಕೊಂತ ಅಂದ್ಲು, "ಇಲ್ಲ ಅಂದಿದ್ರ ಸಿಟ್ಟು ಬರ್ತಿದ್ದಿಲ್ಲ. ನಿನ್ನ ಹಾದಿ ನೋಡಿ ಫೀ ಕಟ್ಟೋ ಕಡೀ ದಿನ ದಾಟಿತ್ತು." ನಾ ಏನೂ ಮಾತಾಡ್ಲಿಲ್ಲ. ಸ್ವಲ್ಪ ಹೊತ್ತಾದಮ್ಯಾಲೆ ಆಕಿನ ಎದ್ದು ಚಹಾ ಇಟ್ಲು.

ನಿಮಗ ಎರಡು ಮಾತು. ಪೆಂಡಿಂಗ್ ಅಂತ ಬಂದಾಗ ಗಡಿಬಿಡಿ ಮಾಡಿ ಮತ್ತೊಮ್ಮೆ ಒತ್ತಬ್ಯಾಡ್ರಿ, ಅದರಾಗಿನ 12 ಅಂಕಿ ನಂಬರ್ ಬರದಿಟ್ಕೊಳ್ರಿ, ಬ್ಯಾಂಕಿನವರು ಅದನ್ನ ಕೇಳ್ತಾರ. ಇನ್ನ, ಯಾರಿಗಾದ್ರೂ ಹೂಂ ಅಂದು ಸುಮ್ನಾಗಿದ್ರ, ಇವತ್ತ ಒಂದು ಫೋನ್ ಮಾಡ್ರಿ.